ಸರ್ವರ್‌ಗೆ ಎಣ್ಣೆ ಬಿಡಲು ಹೊರಟ ಕಾಕಾ

ನಮ್ಮ ಕಾಕಾನ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ಬಗೆಯ ವಸ್ತುಗಳು: ಎಣ್ಣೆ ಬಿಟ್ಟವು, ಎಣ್ಣೆ ಬಿಡಬೇಕಾದವು. ಮನುಷ್ಯರನ್ನು ಯಾವ ಗುಂಪಿಗೆ ಸೇರಿಸಿದ್ದಾನೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮೊದಲು ಎಂಟು ಮಗ್ಗ ನೋಡಿಕೊಳ್ಳುವ ನೇಕಾರ, ಆಮೇಲೆ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್. ಶೆಡ್ಡು ಮುಚ್ಚಿದಾಗ ಗೋಕುಳ ಶಿರಗಾಂವದ ಆಚೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆದ. ಮಗ್ಗ ಬಿಟ್ಟ, ಉದ್ದ ಮೂತಿಯ ಎಣ್ಣೆಕುಪ್ಪಿ ಬಿಡಲಿಲ್ಲ. ಆ ಕಾಲೇಜಿನ ಒಂದು ಬಾಗಿಲೂ ಈಗ ಕಿರುಗುಟ್ಟುವುದಿಲ್ಲ. ತಡವಾಗಿ ಬಂದ ಹುಡುಗರು ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಒಳಗೆ ನುಸುಳುವುದು ಅವನ ಕೃಪೆಯಿಂದಲೇ!

ಎಣ್ಣೆ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಕಂಡದ್ದರ ಮೇಲೆಲ್ಲ ಅಂಗೈ ಇಡುವ ಚಟ ಬೇರೆ. ಫ್ರಿಜ್ಜಿನ ಮೇಲೆ, ಬಸ್ಸಿನ ಸೀಟಿನ ಮೇಲೆ, ಮಾತಾಡುವಾಗ ನಮ್ಮ ಬೆನ್ನಿನ ಮೇಲೆ. ಜೊತೆಗೆ ಗಂಟಲೋ, ಕೊಲ್ಹಾಪುರಕ್ಕೆ ಕೇಳಿಸುವಂಥದು. ಮಗ್ಗದ ಓಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನನ್ನ ಡಿಗ್ರಿಯ ಫಲಿತಾಂಶ ಬಂದ ದಿನವಂತೂ ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಬೆನ್ನ ಮೇಲೆ ಅಂಗೈ ಇಟ್ಟು, "ಪಾಸಾದೆ" ಎಂದು ಮೂರು ಸಲ ಹೇಳಿಸಿದ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಲೇ ಓದಿದವಳು ನಾನು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಪ್ರವೇಶದ ಫಾರ್ಮು ತಂದುಕೊಟ್ಟವನು ಕಾಕಾ. "ಮುದುಕನಿಗೆ ಒಳ್ಳೆ ಸುದ್ದಿ ಎಷ್ಟು ಕೇಳಿದರೂ ಸಾಲದು" ಎಂದು ಮನೆಯವರೆಲ್ಲ ನಕ್ಕೆವು.

ಅದೇ ಕಾಲೇಜಿನಲ್ಲಿ ನನಗೆ ಲ್ಯಾಬ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಒಂದು ವರ್ಷ ಪರೀಕ್ಷಾರ್ಥ. ನಮ್ಮ ವಿಭಾಗದ ಮುಖ್ಯಸ್ಥರು ಗಡಹಿಂಗ್ಲಜದವರು. ಯಾವುದೋ ಕಂಪನಿ ಬಳಸಿ ಬಿಟ್ಟ ಎರಡು ಸರ್ವರ್‌ಗಳನ್ನು ತೋರಿಸಿ ಅವರು ಹೇಳಿದ್ದಿಷ್ಟು: ಇವುಗಳೊಳಗೆ ಮೂವತ್ತು ವಿದ್ಯಾರ್ಥಿಗಳಿಗೆ ಮೂವತ್ತು ವರ್ಚುವಲ್ ಕಂಪ್ಯೂಟರ್ ಕಟ್ಟಬೇಕು, ಪ್ರಾಕ್ಟಿಕಲ್ ಪರೀಕ್ಷೆ ಸುಸೂತ್ರವಾಗಿ ನಡೆದರೆ ನೌಕರಿ ಖಾಯಂ, ನಡೆಯದಿದ್ದರೆ ಬೇರೆ ದಾರಿ ನೋಡಿಕೊಳ್ಳಬೇಕು.

ಸರ್ವರ್ ನೋಡಿದವನೇ ಕಾಕಾ ಕೇಳಿದ, "ಇದಕ್ಕ ಎಣ್ಣಿ ಎಲ್ಲಿ ಬಿಡೂದವ್ವಾ?"

ಇದಕ್ಕೆ ಎಣ್ಣೆ ಹಾಕುವುದಿಲ್ಲ ಎಂದೆ. ತಾಯಿಯಿಲ್ಲದ ಮಗುವನ್ನು ನೋಡುವಂತೆ ಅದನ್ನು ನೋಡಿದ. ಮರುದಿನ ನಾನು ಒಳಗೆ ಬರುವಷ್ಟರಲ್ಲಿ ಎಣ್ಣೆಕುಪ್ಪಿಯ ಮೂತಿ ಸರ್ವರ್ ಫ್ಯಾನಿನ ಜಾಲರಿಯೊಳಗೆ ಇಳಿಯುತ್ತಿತ್ತು! ಓಡಿಹೋಗಿ ಕೈ ಹಿಡಿದೆ. ಅಂದಿನಿಂದ ಆ ಕುಪ್ಪಿ ನನ್ನ ಡ್ರಾಯರಿನಲ್ಲಿ ಕೈದಿ.

ಒಂದು ಯಂತ್ರದೊಳಗೆ ಹದಿನೈದು ಯಂತ್ರ ಇರುವುದೆಂದರೇನು? ಹುಡುಗರಿಗೆ ಅದನ್ನು ಮೂರು ತಾಸು ಚಿತ್ರ ಬಿಡಿಸಿ ಹೇಳಿದೆ. ಅರ್ಧ ಜನರ ಕಣ್ಣು ಮುಚ್ಚಿತು. ಕಾಕಾನಿಗೆ ಒಂದು ನಿಮಿಷ ಸಾಕಾಯಿತು.

"ನಾ ಒಬ್ಬನ ಎಂಟ ಮಗ್ಗ ನೋಡ್ತಿದ್ನೆಲ್ಲ, ಹಂಗ. ಆದರ ಇಂವ ಚಾಕ್ಕ ಹೋದ್ರ ಇವನ ಮಗ್ಗ ಯಾರ ನೋಡ್ತಾರ?"

ಶೆಡ್ಡಿನ ಪದ್ಧತಿಯೇ ಹಾಗೆ. ಒಬ್ಬ ಚಹಾಕ್ಕೆ ಹೋಗುವಾಗ ಪಕ್ಕದವನಿಗೆ ಕೈಸನ್ನೆ ಮಾಡುತ್ತಾನೆ. ಪಕ್ಕದವನು ತನ್ನ ಎಂಟರ ಜೊತೆ ಅವನ ಎಂಟನ್ನೂ ನೋಡಿಕೊಳ್ಳುತ್ತಾನೆ. ಮಗ್ಗ ನಿಲ್ಲುವುದಿಲ್ಲ.

ಸರ್ವರ್ ಚಹಾ ಕುಡಿಯುವುದಿಲ್ಲ ಎಂದು ಡಿಗ್ರಿಯ ಗತ್ತಿನಲ್ಲಿ ಹೇಳಿ ನಕ್ಕೆ. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ನಗು ಆರಿತು. ನನ್ನ ಎರಡು ಸರ್ವರ್‌ಗಳಿಗೂ ಪರಸ್ಪರ ಪರಿಚಯವೇ ಇರಲಿಲ್ಲ! ಮರುದಿನ ಎರಡರ ಹೊರಗೆ, ಎರಡಕ್ಕೂ ಸೇರಿ ಒಂದೇ ಕಡತ ಸಂಗ್ರಹ ಮಾಡಿದೆ. ಒಂದರ ಮೇಲಿನ ಕೆಲಸವನ್ನು ನಿಲ್ಲಿಸದೆ ಇನ್ನೊಂದಕ್ಕೆ ಸಾಗಿಸುವ ವ್ಯವಸ್ಥೆ ಕಟ್ಟಿದೆ. ಕಾಕಾನಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ನನ್ನ ಡಿಗ್ರಿಯ ಗತಿ?

ಪರೀಕ್ಷೆಗೆ ಎರಡು ವಾರವಿದ್ದಾಗ ಅವನೊಂದು ಪರಾಕ್ರಮ ಮಾಡಿದ. ಇಚಲಕರಂಜಿಯಲ್ಲಿ ಮಗ್ಗಗಳಿಗೆ ವಾರಕ್ಕೊಂದು ದಿನ ರಜೆ. ಅಂದು ಕರೆಂಟು ತೆಗೆದು, ಹತ್ತಿಧೂಳು ಕೊಡವಿ, ಒರೆಸುತ್ತಾರೆ. ಆ ದಿನ ಬಂತೆಂದು ಕಾಕಾ ನಮ್ಮ ಲ್ಯಾಬಿನ ಮೇನ್ ಸ್ವಿಚ್ಚನ್ನೇ ಇಳಿಸಿ, ಸರ್ವರ್‌ಗಳನ್ನು ಹೊಳೆಯುವಂತೆ ಒರೆಸಿಟ್ಟ. ಹುಡುಗರ ಬೆಳಗಿನ ಕೆಲಸವೆಲ್ಲ ಮಾಯ! ಕಾಲೇಜಿಗೆಲ್ಲ ಅವನು 'ಮಾಮಾ'. ಮುಖ್ಯಸ್ಥರು ಮರಾಠಿಯಲ್ಲಿ, "ಮಾಮಾ, ಹೇ ಕಾಯ್ ಕೇಲಂ?" ಎಂದು ತಲೆ ಹಿಡಿದುಕೊಂಡರು. ಇದೇನು ಮಾಡಿದಿರಿ ಎಂದರೆ ಇವನ ಉತ್ತರ ನೋಡಿ: "ಮಶೀನಲಾ ಪಣ್ ಸುಟ್ಟಿ ಪಾಹಿಜೇ, ಸರ್." ಮಷೀನಿಗೂ ರಜೆ ಬೇಕಂತೆ!

ಇನ್ನೊಮ್ಮೆ ಹೀಗಾದರೆ ಇಬ್ಬರೂ ಮನೆಗೆ ಹೋಗಿ ಎಂದು ಸರ್ ಹೇಳಿಬಿಟ್ಟರು. ನಾನು ಕಾಕಾನ ಪರವಾಗಿ ಮಾತು ಕೊಟ್ಟು ಬಂದೆ.

ಪರೀಕ್ಷೆಯ ಬೆಳಿಗ್ಗೆ ಕಾಕಾ ಒಂದನೆಯ ಸರ್ವರ್ ಮೇಲೆ ಅಂಗೈ ಇಟ್ಟ. ಎರಡನೆಯದರ ಮೇಲೆ ಇಟ್ಟ. ಮತ್ತೆ ಒಂದನೆಯದಕ್ಕೆ ಬಂದ.

"ಇದು ಎಡವಾಕತ್ತೈತಿ ಯವ್ವಾ."

ನನ್ನ ಪರದೆಯ ಮೇಲೆ ಎಲ್ಲವೂ ಹಸಿರು. ಏನೂ ಆಗಿಲ್ಲ ಎಂದು ತೋರಿಸಿದೆ.

"ನಿನ್ನ ಸ್ಕ್ರೀನಿಗೆ ಕಣ್ಣ ಅದಾವ, ಕೈ ಇಲ್ಲ," ಎಂದ. ಅಲ್ಲಿಂದ ಕದಲಲಿಲ್ಲ.

ಹೊರಗಿನ ಪರೀಕ್ಷಕರು ಮೆಟ್ಟಿಲು ಹತ್ತುತ್ತಿದ್ದರು. ಇವನನ್ನು ಅಲ್ಲಿಂದ ಸಾಗಹಾಕಿದರೆ ಸಾಕೆಂದು, ಒಂದನೆಯದರ ಹದಿನೈದು ಕಂಪ್ಯೂಟರ್‌ಗಳನ್ನೂ ಎರಡನೆಯದಕ್ಕೆ ದಾಟಿಸಿದೆ. ಇಕ್ಕಟ್ಟಾಯಿತು, ಆದರೆ ಹಿಡಿಸಿತು.

ಎರಡನೆಯ ತಾಸಿನಲ್ಲಿ ನನ್ನ ಪರದೆಯ ಅರ್ಧ ಕೆಂಪಾಯಿತು. ಒಂದನೆಯ ಸರ್ವರ್‌ನ ಫ್ಯಾನು ಕಚ್ಚಿಕೊಂಡು, ಕಾದು, ಯಂತ್ರ ಸತ್ತೇಹೋಗಿತ್ತು! ತಲೆಯೆತ್ತಿ ನೋಡಿದರೆ ಮೂವತ್ತು ಹುಡುಗರು ಟೈಪು ಮಾಡುತ್ತಲೇ ಇದ್ದಾರೆ. ಯಾರಿಗೂ ಏನೂ ತಿಳಿದಿಲ್ಲ. ಒಂದನೆಯ ಸರ್ವರ್ ಚಹಾಕ್ಕೆ ಹೋಗಿತ್ತು, ಅಷ್ಟೇ!

ಪರೀಕ್ಷೆ ಮುಗಿದು ಲ್ಯಾಬು ಖಾಲಿಯಾದ ಮೇಲೆ ಕಾಕಾ ಸತ್ತ ಸರ್ವರ್ ನೋಡಿ ಹೇಳಿದ್ದು ಒಂದೇ ಮಾತು: "ಎಣ್ಣಿ ಬಿಟ್ಟಿದ್ರ ನಿಲ್ತಿರಲಿಲ್ಲ."

ಮೊದಲೇ ಹೇಗೆ ಗೊತ್ತಾಯಿತೆಂದು ಮುಖ್ಯಸ್ಥರು ನನ್ನನ್ನು ಕೇಳಿದರು. ನನ್ನ ಮುಂದಾಲೋಚನೆ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಹೇಳಿದ್ದು ಕಾಕಾನ ಹೆಸರು. ಸಪ್ಪಳದಿಂದ ಗುರುತಿಸಿದರೋ ಏನೋ, ಮಾಮಾನನ್ನೇ ಕೇಳಿ ಎಂದರು ಸರ್. ಕಾಕಾ ಆಗ ನಮಗೆ ಬೆನ್ನು ಮಾಡಿ ಮೇಜು ಒರೆಸುತ್ತಿದ್ದ. ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಒರೆಸುತ್ತಲೇ ಇದ್ದ. ಹತ್ತಿರ ಹೋಗಿ ಹೆಗಲು ಮುಟ್ಟಿದಾಗ ತಿರುಗಿದ. ಅವನ ಕಣ್ಣು ನನ್ನ ಕಣ್ಣನ್ನು ನೋಡಲಿಲ್ಲ, ತುಟಿಗಳನ್ನು ನೋಡಿತು.

"ಕಾಕಾ, ನಿನಗ ಕೇಳಸೂದಿಲ್ಲೇನ?"

"ಮಗ್ಗದ ಸಪ್ಪಳದಾಗ ಹೋತವ್ವಾ, ಭಾಳ ವರ್ಷಾತು," ಎಂದ, ಕೊಡೆ ಕಳೆದುಕೊಂಡವನಷ್ಟು ಸಲೀಸಾಗಿ. "ಕೈ ಐತೆಲ್ಲ."

ಫಲಿತಾಂಶದ ದಿನ ನೆನಪಾಯಿತು. ಮೂರು ಸಲ ಹೇಳಿಸಿದ್ದು, ನಾವು ನಕ್ಕಿದ್ದು.

ಸರ್ ಹಿಂದಿನಿಂದ, ನೌಕರಿ ಖಾಯಂ ಮಾಡಲು ಬರೆಯುತ್ತೇನೆ, ಚಿಂತೆ ಬೇಡ ಎಂದರು. ನಾನು ಕಾಕಾನ ಕೈ ಹಿಡಿದು, ಅಂಗೈಯನ್ನು ನಾನೇ ನನ್ನ ಬೆನ್ನ ಮೇಲೆ ಇಟ್ಟುಕೊಂಡೆ. ಮುಖ ಅವನ ಕಡೆ ಮಾಡಿ ನಿಧಾನವಾಗಿ ಹೇಳಿದೆ.

"ನನ್ನ ನೌಕರಿ ಪಕ್ಕಾ ಆತು, ಕಾಕಾ."

"ಇನ್ನೊಮ್ಮೆ ಹೇಳು," ಎಂದ.

ಮೂರು ಸಲ ಹೇಳಿದೆ.