ಮೂರು ಗೂಟಗಳ ಪರೀಕ್ಷೆ

"ಹಿಟ್ಟು ಕಲಸೋ ಕೈಗೆ ಹಲ್ಲು ಕಟ್ಟೋದು ಬರ್ತದಾ?" ಎಂದು ನಮ್ಮ ಭಾವ ನಕ್ಕಿದ್ದರು. ಬಂತು. ಅಂದಿನಿಂದ ನಗುವ ಸರದಿ ನನ್ನದು. ಹಲ್ಲಿನ ಕೆಲಸದಲ್ಲಿ ದಿನಕ್ಕೊಂದಾದರೂ ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ.

ರೂಟ್ ಕೆನಾಲ್ ಮಾಡಿಸಿದ ಹಲ್ಲು ಮೇಲೆ ಮುರಿದಿದ್ದರೆ, ಬೇರಿನೊಳಗೆ ಲೋಹದ ಗೂಟ ಇಳಿಸಿ ಅದರ ಮೇಲೆ ಕ್ಯಾಪ್ ಕೂರಿಸುತ್ತಾರೆ. ಆ ಗೂಟ ಎರಕ ಹೊಯ್ಯುವುದು ನನ್ನ ಕೆಲಸ. ರಾಮನಗರದ ಬಾಡಿಗೆ ಕೋಣೆಯಲ್ಲಿ ಲ್ಯಾಬ್ ಶುರು ಮಾಡಿದಾಗ ನನ್ನನ್ನು ಒಳಗೆ ಕರೆದವರು ಚನ್ನಪಟ್ಟಣದ ಡಾಕ್ಟರು ಒಬ್ಬರೇ. "ಮೂರು ಗೂಟ ಕೊಡ್ತೀನಿ. ನಿಮ್ಮ ತಪ್ಪಿಂದ ಒಂದು ವಾಪಸ್ ಬಂದರೂ ನನ್ನ ಕೆಲಸ ಮೊದಲಿನ ಹಾಗೆ ಬೆಂಗಳೂರಿಗೇ" ಎಂದರು.

೧

ಮೊದಲನೆಯದು ಮಾಗಡಿ ಕಡೆಯ ಅಜ್ಜಿಗೆ. ಕಿವಿಯ ಓಲೆ ಬಿಚ್ಚಿ ಹಿಡಿದುಕೊಂಡು, ಸೊಸೆಯ ಜೊತೆ ಲ್ಯಾಬಿಗೇ ಬಂದರು.

"ಇದ್ನೇ ಕರಗ್ಸಿ ಗೂಟ ಮಾಡವ್ವ. ಕಿವೀಲಿದ್ರೆ ಎಲ್ರ ಕಣ್ಣೂ ಬೀಳ್ತದೆ. ಹಲ್ಲೊಳಗಿದ್ರೆ ಯಾವಳು ನೋಡ್ತಾಳೆ?"

ಸೊಸೆ ಮೆಲ್ಲಗೆ ಹೇಳಿದಳು: "ಅತ್ತೆ, ಆ ಹಲ್ಲು ಅಲ್ಲಾಡಿದ್ರೆ ಮೊದ್ಲು ನಂಗೇ ಹೇಳಿ."

ಓಲೆ ಕಿವಿಗೇ ವಾಪಸ್ ಹೋಯಿತು. ಮಾಮೂಲಿ ಲೋಹದ ಗೂಟ ಸರಿಯಾಗಿ ಕೂತಿತು.

೨

ಎರಡನೆಯದು ಕೈಲಾಂಚದ ರೈತರೊಬ್ಬರ ಮುಂದಿನ ಹಲ್ಲಿಗೆ. ಗೂಟ ಕೂತಿತು, ಅದರ ತಲೆ ಹೊರಗೆ ಕಾಣುತ್ತಿತ್ತು; ಕ್ಯಾಪ್ ಹಾಕಿಸಲು ಮಾತ್ರ ಮನುಷ್ಯ ಪತ್ತೆಯಿಲ್ಲ. ಮೂರನೇ ವಾರ ಹೆಂಡತಿ ಎಳೆದುಕೊಂಡು ಬಂದರಂತೆ.

"ಇಷ್ಟು ಹೊಳೀತಾ ಐತೆ, ಮುಚ್ಲೇಬೇಕಾ ಡಾಕ್ಟ್ರೇ?" ಅಂದರಂತೆ ಗಂಡ.

"ಮುಚ್ಚಿ ಸಾರ್. ಮದ್ವೆ ಫೋಟೋದಲ್ಲೂ ನಗದಿದ್ದೋರು, ಈಗ ಡೈರೀಲಿ ಹಾಲು ಅಳೆಯೋಳ ಮುಂದೆ ನಿಂತು ನಗ್ತಾವ್ರೆ."

೩

ಮೂರನೆಯದು ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಕಡೆಯುವವರಿಗೆ. ನಾನು ಕ್ಲಿನಿಕ್ಕಿಗೆ ಗೂಟ ತಂದ ದಿನ ಡಾಕ್ಟರು ಇರಲಿಲ್ಲ. ಬಾಗಿಲಲ್ಲಿ ಸಿಕ್ಕ ಗೊಂಬೆಯವರು, "ಕೊಡಿ ತಾಯಿ, ನಾಳೆ ನಾನೇ ತತ್ತೀನಿ" ಅಂದರು. ಕೊಟ್ಟುಬಿಟ್ಟೆ.

ಮರುದಿನ ಡಾಕ್ಟರ ಫೋನು: "ಏನ್ರೀ ಇದು, ಗೂಟ ಕೆಂಪಗಿದೆ. ಬೇರಿಗೆ ಇಳೀತಾನೇ ಇಲ್ಲ."

ಬಸ್ಸು ಹತ್ತಿ ಓಡಿದೆ. ಗೊಂಬೆಯವರು ಕುರ್ಚಿಯಲ್ಲಿ ಹೆಮ್ಮೆಯಿಂದ ಕೂತಿದ್ದರು.

"ಈಯಮ್ಮ ಚೆಂದಾಗೇ ಮಾಡಿತ್ತು ಸಾರ್, ಒಸಿ ಒರಟಿತ್ತು. ನಾನೇ ಉಪ್ಪುಕಾಗದ ಉಜ್ಜಿ ಅರಗು ಹಚ್ಚಿವ್ನಿ. ಇಪ್ಪತ್ತು ವರ್ಸ ಆದ್ರೂ ಬಣ್ಣ ಹೋಗಕಿಲ್ಲ."

"ಬೇರೊಳಗೆ ಬಣ್ಣ ಯಾರ್ರೀ ನೋಡ್ತಾರೆ?"

"ನಾನು ನೋಡ್ಕಂಡಿವ್ನಲ್ಲ."

ಡಾಕ್ಟರು ಗೋಡೆ ಹಿಡಿದುಕೊಂಡು ನಕ್ಕರು. "ಇದು ನಿಮ್ಮ ತಪ್ಪಲ್ಲ ಬಿಡಿ" ಎಂದು ಹೊಸ ಅಚ್ಚು ತೆಗೆದುಕೊಟ್ಟರು. ಅದರಿಂದ ಎರೆದ ಹೊಸ ಗೂಟ ಬೆರಳಲ್ಲಿ ಒತ್ತಿದ್ದಕ್ಕೇ ಕೂತಿತು. ಡಾಕ್ಟರ ಕೆಲಸವೆಲ್ಲ ನನ್ನ ಪಾಲಾಯಿತು.

ಈಗ ಲ್ಯಾಬಿನ ಕಟ್ಟಡ ನನ್ನದು, ಎರಡು ಕುಲುಮೆ ನನ್ನವು, ಬೋರ್ಡಿನ ಮೇಲಿನ ಹೆಸರೂ ನನ್ನದೇ. ಇದಕ್ಕೆ ತೆತ್ತದ್ದು ಹತ್ತು ಬೆರಳಿನ ಗೆರೆ. ಲೋಹ ಉಜ್ಜಿ ಉಜ್ಜಿ ಎಲ್ಲ ಸವೆದುಹೋಗಿವೆ, ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ನನ್ನ ಗುರುತೇ ಹತ್ತುವುದಿಲ್ಲ. ಶಾಲೆಗೆ ಹೋಗದೆ ಓದು ಬರಹ ಕಲಿತವಳು ನಾನು. ಸಹಿ ಹಾಕುತ್ತೇನಪ್ಪ ಎಂದರೆ ಅಂಗಡಿಯವನು, "ಸಹಿ ಬ್ಯಾಡ ಅಕ್ಕ, ಹೆಬ್ಬೆಟ್ಟೇ ಒತ್ತಿ" ಅನ್ನುತ್ತಾನೆ.