ಮೆಣಸಿನಕಾಯಿ ಕಣದಲ್ಲಿ ಇಳಿದ ವಿಮಾನ

ನಾನು ಅಂಜುಬುರುಕ. ಹೀಗೆಂದು ಒಪ್ಪಿಕೊಳ್ಳಲು ಮಾತ್ರ ನನಗೆ ಅಂಜಿಕೆಯಿಲ್ಲ! ಗುಡಗೇರಿಯ ಈ ನಿವೃತ್ತ ಗಣಿತ ಮಾಸ್ತರ ರಿಮೋಟಿನ ವಿಮಾನ ಕೊಳ್ಳಲು ಹೊರಟಾಗ ಇದ್ದ ಷರತ್ತು ಒಂದೇ: ಬಿದ್ದರೂ ಮುರಿಯಬಾರದು.

ಹುಬ್ಬಳ್ಳಿಯ ಅಂಗಡಿಯಲ್ಲಿ ಅರ್ಧ ದಿನ ಕಳೆದೆ. ಥಳಥಳಿಸುವ ಯುದ್ಧವಿಮಾನಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ರೆಕ್ಕೆ ಮೇಲೆ, ಫ್ಯಾನು ಹಿಂದೆ, ಮೈಯೆಲ್ಲ ಫೋಮು ಇದ್ದ ಒಂದನ್ನು ಆರಿಸಿ, ಅಂಗಡಿಯವರ ಎದುರೇ ಬಗ್ಗಿಸಿ ಪರೀಕ್ಷಿಸಿದೆ. ವಿಮಾನ ಮತ್ತೆ ನೆಟ್ಟಗಾಯಿತು. ಅವರ ಮುಖ ಆಗಲಿಲ್ಲ.

"ಹೊಸಬರಿಗೆ ಇದ ಛಲೋರಿ. ಗಾಬರಿ ಆದ್ರ ಬೆರಳು ತಗದಬಿಡ್ರಿ, ತಾನ ಸಮ ಆಗತೈತಿ," ಎಂದರು.

ಇಷ್ಟು ಸುಲಭವೇ!

ಭಾನುವಾರ ಮುಂಜಾನೆ ಹೆಂಡತಿ ಗಿರಿಜಾಳೊಂದಿಗೆ ಪಕ್ಕದ ಮನೆಯ ನಿಂಗಪ್ಪ ಕಾಕಾನ ಹೊಲಕ್ಕೆ ಹೋದೆ. ಕಡಲೆ ಕಿತ್ತು ಹೊಲ ಖಾಲಿಯಿತ್ತು. ಆಚೆ ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು.

"ಎಷ್ಟ ಬೇಕಾದಷ್ಟ ಹಾರಸ್ರಿ ಮಾಸ್ತರ. ಕಣದ ಕಡೆ ಮಾತ್ರ ಬರಬ್ಯಾಡ್ರಿ," ಎಂದ ಕಾಕಾ.

ಗಿರಿಜಾ ವಿಮಾನವನ್ನು ಗಾಳಿಗೆ ತೂರಿದಳು. ಹಾರಿತು! ಸಂತೋಷಕ್ಕೆ ನಾನೂ ಒಂದು ಗೇಣು ಹಾರಿದೆ. ಆದರೆ ಅದು ತಿರುಗಿ ನನ್ನ ಕಡೆಗೇ ಬಂತು ನೋಡಿ, ಆಗ ಎಡ ಬಲವಾಯಿತು, ಬಲ ಎಡವಾಯಿತು. ನಾನು ಕಣವನ್ನು ತಪ್ಪಿಸಲು ಒತ್ತಿದಷ್ಟೂ ಅದು ಕಣದ ಕಡೆಗೇ ಹೊರಟಿತು!

"ಬೆರಳು ತಗೀರಿ!" ಎಂದು ಗಿರಿಜಾ ಕೂಗಿದಳು.

"ತಗೀಲಿಕ್ಕೆ ಬರವಲ್ದು!"

ನಿಜವಾಗಿಯೂ ಬರಲಿಲ್ಲ. ಭಯಕ್ಕೆ ಬೆರಳು ಸೆಟೆದು ನಿಂತಿದ್ದವು. ವಿಮಾನ ಮೆಣಸಿನಕಾಯಿ ರಾಶಿಯೊಳಗೆ ಮೂಗು ತೂರಿಸಿ, ಹಿಂದಿನ ಫ್ಯಾನಿನವರೆಗೂ ಹುದುಗಿತು. ಫ್ಯಾನು ತಿರುಗುತ್ತಲೇ ಇತ್ತು. ಯಾವ ಗಿರಣಿಯೂ ಅಷ್ಟು ಚೊಕ್ಕ ಕುಟ್ಟುವುದಿಲ್ಲ!

ಕೆಂಪು ಮೋಡವೊಂದು ಎದ್ದಿತು. ಕಾಕಾ ಸೀನಿದ. ಕಾಯಿ ಆರಿಸುತ್ತಿದ್ದ ಹೆಂಗಸರು ಸೀನಿದರು. ಕಟ್ಟಿದ್ದ ಎಮ್ಮೆಯೂ ಸೀನಿತು.

"ಮಾಸ್ತರ... ಆಕ್ಷೀ! ಬಂದ್ ಮಾಡ್ರಿ ಅದನ್ನ!"

ರಿಮೋಟು ಕೈಯಲ್ಲೇ ಇತ್ತು. ಆದರೆ ನಾನು ಅದನ್ನು ಗಿರಿಜಾಳ ಕೈಗೆ ತುರುಕಿ, ವಿಮಾನವನ್ನು ಹಿಡಿಯಲು ಓಡಿದೆ. ಮೋಡದೊಳಗೆ ಹೊಕ್ಕೆ, ಸೀನಿದೆ, ಎಡವಿದೆ, ಬಿದ್ದೆ. ಕನ್ನಡಕ ಎರಡು ಹೋಳಾಯಿತು. ಗಿರಿಜಾ ನಿಂತಲ್ಲೇ ರಿಮೋಟಿನ ಒಂದು ಕಡ್ಡಿಯನ್ನು ಕೆಳಗೆಳೆದಳು. ಫ್ಯಾನು ನಿಂತಿತು.

ವಿಮಾನಕ್ಕೆ ಒಂದು ಗೀರೂ ಇರಲಿಲ್ಲ.

ಕಾಕಾ ಬೈಯುತ್ತಾನೆಂದು ಕಾದೆ. ಅವನು ಕಣ್ಣೊರೆಸಿಕೊಂಡು, "ಬರ್ರಿ, ಕುಂದರ್ರಿ. ಒಡದದ್ದು ಬ್ಯಾರೆ, ಇಡೀವು ಬ್ಯಾರೆ ಮಾಡ್ರಿ," ಎಂದ. ಮಧ್ಯಾಹ್ನದವರೆಗೆ ಆರಿಸಿದೆ. ನಡುವೆ ಒಮ್ಮೆ, ಕನ್ನಡಕವಿಲ್ಲವೆಂದು ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ಆ ಭಾಗವನ್ನು ವಿವರಿಸುವುದಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಗುಂಯ್ ಎಂದಿತು. ಗಿರಿಜಾ ವಿಮಾನ ಹಾರಿಸುತ್ತಿದ್ದಳು! ಹೊಲವನ್ನು ನಾಲ್ಕು ಸುತ್ತು ಸುತ್ತಿಸಿ ಕಾಲ ಬುಡದಲ್ಲೇ ಇಳಿಸಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ತಟ್ಟಿದೆ. ಅಂಗೈ ಉರಿಯಿತು.

ಈಗ ಪ್ರತಿ ಭಾನುವಾರ ಹೋಗುತ್ತೇವೆ. ಅವಳು ಹಾರಿಸುತ್ತಾಳೆ, ನಾನು ಬ್ಯಾಟರಿಯ ಚೀಲ ಹಿಡಿದು ನಿಲ್ಲುತ್ತೇನೆ. ಹಾಯಾಗಿದೆ. ಮೊನ್ನೆ ಶಲವಡಿಯಿಂದ ಬಂದ ಕಾಕಾನ ಬೀಗರೊಬ್ಬರು ನನ್ನನ್ನು ತೋರಿಸಿ, "ಇವರು ಯಾರ್ರಿ?" ಎಂದು ಕಾಕಾನನ್ನು ಕೇಳಿದರು. ಮೂವತ್ತು ವರ್ಷ ಈ ಊರಿಗೆ ಗಣಿತ ಕಲಿಸಿದವನು ನಾನು. ಎದೆ ಸೆಟೆಸಿ ನಿಂತೆ.

"ವಿಮಾನದ ಗಿರಿಜವ್ವ ಅದಾಳಲ್ರಿ," ಎಂದ ಕಾಕಾ, "ಆಕಿ ಗಂಡ."