ಸಣ್ಣಮಾವನವರ ಇಪ್ಪತ್ತು ತೋಟಾ

ಶಿಗ್ಗಾಂವಿಯಲ್ಲಿ ನಮ್ಮ ಸಣ್ಣಮಾವನವರಷ್ಟು ಬಂದೂಕಿನ ಹುಚ್ಚಿದ್ದವರು ಇನ್ನೊಬ್ಬರಿರಲಿಲ್ಲ. ಅವರಷ್ಟು ಕಡಿಮೆ ಗುಂಡು ಹಾರಿಸಿದವರೂ ಇರಲಿಲ್ಲ! ಲೈಸೆನ್ಸಿನ ರೈಫಲ್ ಒಂದಿತ್ತು. ಅದು ವರ್ಷಕ್ಕೆ ಎರಡು ಸಲ ಸದ್ದು ಮಾಡಿದರೆ ಹೆಚ್ಚು. ಉಳಿದ ದಿನವೆಲ್ಲ ಆ ಎರಡು ಸದ್ದಿನ ತಯಾರಿ!

ಸಣ್ಣಮಾವ ಎಂದರೆ ನನ್ನ ಮಾವನವರ ತಮ್ಮ; ಅವರ ಹೆಂಡತಿ ಸಣ್ಣತ್ತೆ. ನಾನು ಹಿರೇಕೆರೂರಿನಿಂದ ಸೊಸೆಯಾಗಿ ಆ ಮನೆ ಹೊಕ್ಕಾಗ ಯುದ್ಧ ನಡೆದಿತ್ತು. ಪರದೇಶದ ತೋಟಾ, ಅಂದರೆ ಮದ್ದು-ಗುಂಡು ತುಂಬಿದ ಹಿತ್ತಾಳೆ ಕೊಳವೆ, ಬರುವುದು ನಿಂತಿತ್ತು. ಹಾರಿಸಿದ ಒಂದೆರಡು ಹಳೆಯ ಕೊಳವೆಗಳನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ತುಂಬಿ ಅವುಗಳ ಬಾಯಿ ಸೀಳಿಹೋಗಿತ್ತು. ಕೊನೆಗೆ, ಎಂದೋ ತರಿಸಿಟ್ಟಿದ್ದ ಇಪ್ಪತ್ತು ಹೊಸ ಹಿತ್ತಾಳೆ ಕೊಳವೆಗಳ ಪೆಟ್ಟಿಗೆ ಹೊರಬಂತು. ಮದ್ದು ತುಂಬಿ, ಕೊರಳಿನಲ್ಲಿ ಗುಂಡು ಕೂರಿಸಿದರೆ ಮುಗಿಯಿತಲ್ಲ? ನಾನೂ ಹಾಗೇ ತಿಳಿದಿದ್ದೆ.

ನಾನು ಚಹಾ ಒಯ್ದಾಗ ಅವರು ಸಣ್ಣತ್ತೆಗೆ ಪಾಠ ಹೇಳುತ್ತಿದ್ದರು.

"ಹೊಸಾ ಹಿತ್ತಾಳಿ ಅಂದ್ರ ಹೊಸಾ ಸೊಸಿ ಇದ್ದಂಗ. ಮ್ಯಾಲೆ ಎಲ್ಲಾ ಥಳಥಳ. ಒಳಗ ಒಂದೊಂದರ ಸ್ವಭಾವ ಒಂದೊಂದ ತರಾ!"

ತಲೆಯೆತ್ತಿದರೆ ಎದುರಿಗೆ ನಾನು! "ನಿನಗಲ್ಲ ತಂಗಿ, ಹಿತ್ತಾಳಿಗೆ ಅಂದೆ" ಎಂದು ತಡವರಿಸಿದರು. ಸಣ್ಣತ್ತೆ ಬಿಟ್ಟಾರೆಯೇ? "ಹೊಸಾ ಗಂಡನೂ ಹಂಗ ಇದ್ದ. ಮೂವತ್ತು ವರ್ಷ ತಿಕ್ಕೇನಿ, ಇನ್ನೂ ಹದಕ್ಕ ಬಂದಿಲ್ಲ!"

ಸಣ್ಣಮಾವನವರ ತಕರಾರು ಕೊಳವೆಯ ಕೊರಳಿನದು. ಒಂದು ಕೊಳವೆಯ ಕೊರಳು ಗುಂಡನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು, ಇನ್ನೊಂದು ಸಡಿಲವಾಗಿ. ಹಿಡಿತ ಒಂದೇ ಸಮ ಇರದಿದ್ದರೆ ಗುರಿ ಒಂದೇ ಸಮ ಇರದು ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಪ್ರತಿ ಕೊರಳಲ್ಲೂ ನುಣುಪಾದ ಉಕ್ಕಿನ ಕಡ್ಡಿಯೊಂದನ್ನು ತೂರಿಸಿ ತೆಗೆಯಬೇಕು. ಕಡ್ಡಿ ಮಾಡಿದವನು ಸವಣೂರಿನ ಕಮ್ಮಾರ. ದಪ್ಪವಾಯಿತೆಂದು, ತೆಳುವಾಯಿತೆಂದು ಇವರು ಮೂರು ಸಲ ಅವನಲ್ಲಿಗೆ ಹೋದರು. ಮೂರನೆಯ ಸಲ ಅವನು ಕೈ ಮುಗಿದನಂತೆ.

"ಯಜಮಾನ್ರ, ಕೂದಲೆಳಿಯಷ್ಟು ದಪ್ಪ ಅಂತೀರಿ. ಯಾರ ಕೂದಲದ ಲೆಕ್ಕರೀ ಅದು?"

"ನಿಂದಂತೂ ಅಲ್ಲ. ನಿನ್ನ ತಲಿಮ್ಯಾಲ ಒಂದೂ ಇಲ್ಲ!"

ಆ ಹಂಗಾಮಿನಲ್ಲೇ ತಡಸದಿಂದ ಇಬ್ಬರು ರೈತರು ಬಂದರು. ಶೇಂಗಾ ಬಲಿತಿತ್ತು, ಒಂಟಿ ಕಾಡುಹಂದಿಯೊಂದು ಹೊಲ ಹೊಕ್ಕು ಬುಡಮೇಲು ಮಾಡುತ್ತಿತ್ತು. "ಇವತ್ತ ಬರ್ರೀ ಯಜಮಾನ್ರ" ಎಂದು ಅಂಗಲಾಚಿದರು.

"ಎಂಟು ದಿನ ತಡೀರಿ. ಇಪ್ಪತ್ತೂ ಒಂದ ಸಮ ಆಗ್ಲಿ. ಗುಂಡು ಆ ಕಡೆ ಈ ಕಡೆ ಹೋತಂದ್ರ ಹಂದಿ ಸಾಯೂದಿಲ್ಲ. ಗಾಯಾಗಿ ಮಂದಿ ಮ್ಯಾಲ ಬರ್ತೇತಿ."

ಮಾತು ಸುಳ್ಳೇನಲ್ಲ. ರೈತರು ಮುಖ ಸಣ್ಣದು ಮಾಡಿಕೊಂಡು ಹೋದರು. ಇವರು ಕಡ್ಡಿ ತೂರಿಸಿ, ಗುಂಡು ಇಟ್ಟು ನೋಡಿ, ಮತ್ತೆ ತೆಗೆದು ಕುಳಿತರು. ಊಟಕ್ಕೆ ಕರೆದರೆ "ಹದಿಮೂರನೇದು ಹಟಾ ಮಾಡಾಕತ್ತೇತಿ" ಎಂಬ ಉತ್ತರ!

ಆರನೆಯ ದಿನ ಆ ಇಬ್ಬರಲ್ಲಿ ಒಬ್ಬನೇ ಬಂದ. ಇನ್ನೊಬ್ಬನಿಗೆ ಹಂದಿ ಹಾಯ್ದು ತೊಡೆ ಸೀಳಿತ್ತು. ಗಾಯಕ್ಕೆ ಹೊಲಿಗೆ ಹಾಕಿದ್ದರು, ಜೀವಕ್ಕೆ ಭಯವಿರಲಿಲ್ಲ.

ಸಣ್ಣಮಾವನವರು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು. ಎರಡೇ ತೋಟಾ ಕಿಸೆಗೆ ಹಾಕಿಕೊಂಡು ಚಕ್ಕಡಿ ಹತ್ತಿದರು. ನನ್ನ ಯಜಮಾನರೂ ಜೊತೆಗೆ ಹೋದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಒಂದೇ ಗುಂಡಿಗೆ ಹಂದಿ ಬಿತ್ತು. ಊರು ಕೇಕೆ ಹಾಕಿತು. ಆದರೆ ಇವರು ಹಂದಿಯ ಕಡೆ ತಿರುಗಿಯೂ ನೋಡದೆ ಗಾಯಗೊಂಡ ರೈತನ ಮನೆಗೆ ನಡೆದರಂತೆ.

"ಎರಡನೇ ದಿನಕ್ಕ ನಾಕು ತೋಟಾ ತಯಾರಿದ್ದುವಪಾ. ಒಂದ ಸಾಕಾಗಿತ್ತು. ನಾ ಇಪ್ಪತ್ತಕ್ಕ ಕುಂತೆ" ಎಂದರಂತೆ, ಅವನ ಹಾಸಿಗೆಯ ಬಳಿ ನೆಲದ ಮೇಲೆ ಕೂತು.

"ಹಾಯ್ದದ್ದು ಹಂದಿರೀ, ನೀವಲ್ಲ" ಎಂದನಂತೆ ಅವನು. "ಬ್ಯಾನಿ ಹೆಂಗರ ತಡಕೊಳ್ತೇನಿ. ಮಣ್ಣಾಗ ಉಳದ ಶೇಂಗಾದ್ದ ಚಿಂತಿ."

ನನ್ನ ಯಜಮಾನರು ರೈಫಲ್ ಹೊತ್ತು ಒಬ್ಬರೇ ಮರಳಿದರು. ನಾಲ್ಕು ದಿನವಾದರೂ ಸಣ್ಣಮಾವನವರ ಸುಳಿವಿಲ್ಲ. ಸಣ್ಣತ್ತೆ ದಾರಿಯುದ್ದಕ್ಕೂ ಬಯ್ಯುವ ಮಾತು ಜೋಡಿಸಿಕೊಳ್ಳುತ್ತಲೇ ನನ್ನನ್ನು ಕರೆದುಕೊಂಡು ತಡಸಕ್ಕೆ ಹೊರಟರು. ಗಾಯಗೊಂಡ ರೈತನ ಮನೆಯವರು ಹೊಲದ ಕಡೆ ಕೈ ತೋರಿಸಿದರು.

ಹೊಲದಲ್ಲಿ ಆ ರೈತನ ಹೆಂಡತಿ ಒಂದು ಸಾಲಿನಲ್ಲಿ ಶೇಂಗಾ ಬಳ್ಳಿ ಕೀಳುತ್ತಿದ್ದಳು. ಪಕ್ಕದ ಸಾಲಿನಲ್ಲಿ ಧೋತರ ಮೇಲೆ ಕಟ್ಟಿಕೊಂಡು, ಮೊಣಕಾಲೂರಿ, ಸಣ್ಣಮಾವನವರು! ಉಗುರಿನ ಸಂದಿಯಲ್ಲೆಲ್ಲ ಮಣ್ಣು, ಅಂಗೈ ತುಂಬ ಬೊಬ್ಬೆ. ನಮ್ಮನ್ನು ನೋಡಿ ತಪ್ಪಿತಸ್ಥರಂತೆ ನಕ್ಕರು.

"ಇನ್ನ ಹತ್ತು ಸಾಲು ಉಳದಾವ. ಬದುವಿನ ಮ್ಯಾಲ ಕುಂತಿರ್ರಿ."

ಸಣ್ಣತ್ತೆ ಕೂರಲಿಲ್ಲ. ಬಯ್ಯಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಪಕ್ಕದ ಸಾಲಿಗೆ ಇಳಿದರು.